ಸೊಪ್ಪಿನ ಕೋಣೆಯಲ್ಲಿ ಇಪ್ಪತ್ತು ನಿಮಿಷ

ಲೋಕದಲ್ಲಿ ಜನ ಕದ್ದು ಮಾಡುವ ಕೆಲಸಗಳು ನೂರೆಂಟಿವೆ. ರೂಪ ಕದ್ದು ಮಾಡುತ್ತಿದ್ದದ್ದು ವ್ಯಾಯಾಮ. ಮೂವತ್ತಾರು ವರ್ಷದ ಹೆಂಗಸು ತನ್ನದೇ ಮನೆಯಲ್ಲಿ ಕದ ಹಾಕಿಕೊಂಡು, ಬಳೆ ಸದ್ದಾಗದ ಹಾಗೆ ಮೊಣಕೈವರೆಗೆ ಏರಿಸಿಕೊಂಡು, ನಿಂತಲ್ಲೇ ಹೆಜ್ಜೆ ಹಾಕುತ್ತಿದ್ದಳು ಅಂದರೆ ಯಾರಿಗಾದರೂ ನಗು ಬರುತ್ತದೆ. ಅವಳಿಗೆ ಮಾತ್ರ ಬರುತ್ತಿರಲಿಲ್ಲ. ಕಾಲು ಏಳುತ್ತಿದ್ದರೆ ಕಿವಿ ಬಾಗಿಲ ಕಡೆಗೇ ಇರುತ್ತಿತ್ತು.

ಇದಕ್ಕೆಲ್ಲ ಕಾರಣ ಒಂದು ತೊಟ್ಟು ರಕ್ತ. ಸಂಕ್ರಾಂತಿ ಕಳೆದ ವಾರ ಶಿಡ್ಲಘಟ್ಟದಲ್ಲಿ ಆರೋಗ್ಯ ಶಿಬಿರ ನಡೆದಿತ್ತು. ಬಿಟ್ಟಿ ಪರೀಕ್ಷೆ ಅಂತ ರೂಪಳೂ ಸಾಲಿನಲ್ಲಿ ನಿಂತಿದ್ದಳು. ಬೆರಳು ಚುಚ್ಚಿದ ನರ್ಸ್ ತನುಜ ಅವಳ ತವರಿನವಳೇ, ಗೌರಿಬಿದನೂರು ತಾಲ್ಲೂಕಿನ ಅಲೀಪುರದ ಪಕ್ಕದ ಹಳ್ಳಿಯ ಹುಡುಗಿ. ಮಿಷನ್ನಿನ ಅಂಕಿ ನೋಡಿದವಳೇ ತನುಜ ಮಾತು ನಿಲ್ಲಿಸಿಬಿಟ್ಟಳು.

"ರೂಪಕ್ಕಾ, ಚಿಕ್ಕಬಳ್ಳಾಪುರಕ್ಕೆ ಹೋಗಿ ಲ್ಯಾಬಲ್ಲಿ ಇನ್ನೊಂದ್ಸಲ ಮಾಡಿಸ್ಕೊಂಡು ಬಾ. ತಡ ಮಾಡ್ಬೇಡ ಕಣಕ್ಕ" ಅಂದಳು.

ಲ್ಯಾಬಿನವರ ಕಾಗದವೂ ಅದನ್ನೇ ಹೇಳಿತು. ಸಕ್ಕರೆ ಕಾಯಿಲೆ, ಅದೂ ಸಾಕಷ್ಟು ಏರಿದ್ದು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಮಾತ್ರೆ ಅರ್ಧ ಕೆಲಸ ಮಾಡುತ್ತದೆ, ಮಿಕ್ಕ ಅರ್ಧ ನೀವೇ ಮಾಡಬೇಕು, ದಿನಾ ವ್ಯಾಯಾಮ ಮಾಡಿ, ಮೂರು ತಿಂಗಳು ಬಿಟ್ಟು ನೋಡೋಣ ಎಂದರು. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ರೂಪ ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕುಬುಸದೊಳಗೆ ಇಟ್ಟುಕೊಂಡಳು. ಭಯದಿಂದ ಅವಳ ಬಾಯಿ ಒಣಗಿಹೋಗಿತ್ತು.

ಭಯ ಸುಮ್ಮನೆ ಬಂದದ್ದಲ್ಲ. ಅವಳ ತಾಯಿ ಹೋದದ್ದು ಇದೇ ಕಾಯಿಲೆಯಲ್ಲಿ. ಮೊದಲು ಕಾಲು ಉರಿ ಅಂದಳು. ಆಮೇಲೆ ಒಂದು ದಿನ ಕಾಲಿಗೆ ಮುಳ್ಳು ಚುಚ್ಚಿತ್ತು, ಗೊತ್ತೇ ಆಗಿರಲಿಲ್ಲ. ನೋವೇ ಇಲ್ಲ ಕಣೇ ಅಂತ ನಕ್ಕಿದ್ದಳು. ಆ ನಕ್ಕ ತಿಂಗಳಿನಲ್ಲೇ ಬೆರಳು ತೆಗೆದರು, ಮುಂದಿನ ಯುಗಾದಿಗೆ ಪಾದ, ಅದರ ಮುಂದಿನ ಯುಗಾದಿಗೆ ಅವಳೇ ಇರಲಿಲ್ಲ. ರೂಪಳಿಗೆ ಆಗ ಹದಿನೇಳು. ಗಾಯ ತೊಳೆದು ಬಟ್ಟೆ ಕಟ್ಟುತ್ತಿದ್ದದ್ದು ಅವಳೇ. ಈಗ ಅವಳ ಮಗಳು ಅಮೃತಳಿಗೆ ಹನ್ನೊಂದು, ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ತಾನು ಕಂಡದ್ದನ್ನು ಆ ಮಗು ಕಾಣಬಾರದು ಎಂಬುದೊಂದೇ ರೂಪಳ ಹಟ.

ಹಾಗಿದ್ದರೆ ಮನೆಯಲ್ಲಿ ಹೇಳಿ ಧೈರ್ಯವಾಗಿ ಮಾಡಬಹುದಿತ್ತಲ್ಲ, ಕದ್ದು ಯಾಕೆ? ಅಲ್ಲೇ ಇರುವುದು ಗಂಟು. ಹದಿಮೂರು ವರ್ಷದ ಹಿಂದೆ ಮದುವೆ ಮಾತುಕತೆಯಲ್ಲಿ ಅವಳ ಸೋದರಮಾವ, ಹುಡುಗಿಯ ತಾಯಿ ವಿಷಮಜ್ವರದಲ್ಲಿ ತೀರಿಹೋದಳು ಎಂದು ಹೇಳಿದ್ದ. ವಂಶದಲ್ಲಿ ಸಕ್ಕರೆ ಕಾಯಿಲೆ ಇದೆ ಅಂದರೆ ಸಂಬಂಧ ಕೂಡಿ ಬರುತ್ತದೆಯೇ? ಆ ಸುಳ್ಳಿನ ಮೇಲೆ ಹದಿಮೂರು ವರ್ಷದ ಸಂಸಾರ ಕೂತಿತ್ತು. ಅದು ಬಿಸಿತುಪ್ಪವಾಗಿ ಗಂಟಲಲ್ಲಿತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಇನ್ನು ಅತ್ತೆ ಮಂಗಮ್ಮ. ಅರವತ್ತು ದಾಟಿದರೂ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ನಿಂತರೆ ಹರೆಯದವರನ್ನು ಹಿಂದೆ ಹಾಕುವ ಆಸಾಮಿ. ಟಿವಿಯಲ್ಲಿ ಯಾರೋ ಹೆಂಗಸು ಚಾಪೆ ಹಾಸಿಕೊಂಡು ಕೈಕಾಲು ಆಡಿಸುವುದನ್ನು ನೋಡಿ, "ಮೈ ಬಗ್ಗಿಸಿ ದುಡಿಯೋರಿಗೆ ಇದೆಲ್ಲ ಯಾಕಮ್ಮಾ? ತಿಂದಿದ್ದು ಅರಗದೆ ಇರೋರ ಕುಣಿತ" ಎಂದು ಚಾನೆಲ್ ಬದಲಾಯಿಸಿದ್ದಳು. ಆ ಮಾತು ಬಂದ ಮೇಲೆ ರೂಪ ಬಾಯಿಗೆ ಬೀಗ ಹಾಕಿಕೊಂಡಳು.

ಮನೆ ಎಂದರೆ ಒಂದು ಪಡಸಾಲೆ, ಒಂದು ಅಡುಗೆಮನೆ, ಒಂದು ಕೋಣೆ. ಶಿಡ್ಲಘಟ್ಟದಿಂದ ಚಿಂತಾಮಣಿ ಕಡೆಗೆ ಎಂಟು ಕಿಲೋಮೀಟರ್ ಹೋಗಿ ಒಳಗೆ ತಿರುಗಿದರೆ ಸಿಗುವ ಊರು. ಬೀದಿಯಲ್ಲಿ ಹೋಗುವವರೆಲ್ಲ ಕಿಟಕಿಯಿಂದ ಇಣುಕಿ "ಊಟ ಆಯ್ತಾ" ಎಂದು ಕೇಳುವ ಜಾಗದಲ್ಲಿ ಬೆವರು ಸುರಿಸಿಕೊಂಡು ಎಗರಾಡುವುದು ಹೇಗೆ? ಮನೆಯ ಹಿಂದೆ ಮಾತ್ರ ಹುಳದ ಮನೆ ಇತ್ತು, ರೇಷ್ಮೆಹುಳು ಮೇಯಿಸುವ ಉದ್ದನೆಯ ಶೆಡ್ಡು. ಅದರ ಮಗ್ಗುಲಿಗೆ ಅಂಟಿಕೊಂಡಂತೆ, ಶೆಡ್ಡಿನೊಳಗಿಂದಲೇ ಬಾಗಿಲಿದ್ದ ಸೊಪ್ಪಿನ ಕೋಣೆ. ಕೊಯ್ದ ಸೊಪ್ಪು ಬಾಡದ ಹಾಗೆ ಒದ್ದೆ ಗೋಣಿತಾಟು ಹೊದಿಸಿ ಇಡುವ ಕತ್ತಲೆ ಕೋಣೆ ಅದು. ಕಿಟಕಿ ಇಲ್ಲ. ಗಾಳಿ ಆಡಿದರೆ ಸೊಪ್ಪು ಒಣಗುತ್ತದೆಂದು ಕದ ಯಾವಾಗಲೂ ಮುಚ್ಚಿಯೇ ಇರುತ್ತಿತ್ತು. ಸಾಯಂಕಾಲ ಸೊಪ್ಪಿಗೆ ನೀರು ಚಿಮುಕಿಸಿ ಮೊಗಚುವುದು ರೂಪಳ ಕೆಲಸವೇ. ಇಪ್ಪತ್ತು ನಿಮಿಷ ಒಳಗಿದ್ದರೆ ಯಾರೂ ಕೇಳುವುದಿಲ್ಲ.

ತನುಜ ಮೂರೇ ಮೂರು ಪಾಠ ಹೇಳಿಕೊಟ್ಟಿದ್ದಳು. ನಿಂತಲ್ಲೇ ಮಂಡಿ ಎತ್ತಿ ನಡೆಯುವುದು, ಗೋಡೆಗೆ ಕೈಕೊಟ್ಟು ತಳ್ಳುವುದು, ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ಜೊತೆಗೆ ಇನ್ನೊಂದು ಮಾತು: "ದಿನಾ ಮಲಗೋಕೆ ಮುಂಚೆ ಕನ್ನಡಿ ಹಿಡ್ಕೊಂಡು ಅಂಗಾಲು ನೋಡ್ಕೋ ಅಕ್ಕ. ನಿಮ್ಮಮ್ಮಂದು ನೆನಪಿದೆ ತಾನೆ?"

ಮೊದಲ ದಿನ ರೂಪ ಸೀರೆಯನ್ನು ಮಂಡಿಗೆ ಕಟ್ಟಿ, ಒಳಗೆ ಪಿಯುಸಿ ಕಾಲದ ಚೂಡಿದಾರದ ಪ್ಯಾಂಟು ತೊಟ್ಟು ನಿಂತಳು. ಪ್ಯಾಂಟು ಸೊಂಟದ ಹತ್ತಿರ ಬಂದು, ಇನ್ನು ಮೇಲೆ ನನ್ನಿಂದಾಗದು ಎಂದು ನಿಂತುಬಿಟ್ಟಿತ್ತು. ಪಿನ್ನು ಹಾಕಿ ಒಪ್ಪಿಸಿದಳು. ನಲವತ್ತು ಹೆಜ್ಜೆಗೆ ಏದುಸಿರು. ಎದೆ ಹೊಡೆದುಕೊಳ್ಳುವ ಸದ್ದು ಕಿವಿಯಲ್ಲೇ ಕೇಳಿಸಿತು. ಹಾರ್ಟಿಗೆ ಏನಾದರೂ ಆಗಿ ಇಲ್ಲೇ ಬಿದ್ದರೆ, ಈ ಪ್ಯಾಂಟಿನಲ್ಲಿ ಬಿದ್ದರೆ, ಊರವರೆಲ್ಲ ಬಂದು ನೋಡಿದರೆ! ಗೋಡೆ ಹಿಡಿದು ನಿಂತು ತನ್ನ ನಾಡಿಯನ್ನು ತಾನೇ ಎಣಿಸಲು ಹೋಗಿ ಎರಡು ಸಲ ಲೆಕ್ಕ ತಪ್ಪಿತು. ಐದು ನಿಮಿಷಕ್ಕೆ ಸಾಕೆನಿಸಿತು. ಮಾರನೆಯ ದಿನ ಆರು, ಅದರ ಮಾರನೆಯ ದಿನ ಏಳು. ಹೊರಗೆ ಒಂದು ಹೆಜ್ಜೆಯ ಸದ್ದಾದರೆ ಸಾಕು, ಕೈಗೆ ಸೊಪ್ಪು ಎತ್ತಿಕೊಂಡು ಮೊಗಚುವವಳ ಹಾಗೆ ನಟಿಸುತ್ತಿದ್ದಳು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿಗೆ ಲೋಕವೂ ಕುರುಡು ಅನ್ನಿಸುತ್ತದಂತೆ.

ಹೀಗೆ ಎರಡು ವಾರ ಕಳೆಯುವಷ್ಟರಲ್ಲಿ ಹೊಸ ಹುಳು ಬಂದವು. ಈ ಸಲದ ಬೆಳೆ ಮೇಲೆ ಅವಳ ಗಂಡ ಮುನೇಶನಿಗೆ ಬಹಳ ಆಸೆ. ಹಿಂದಿನ ವರ್ಷ ಪಕ್ಕದ ದ್ರಾಕ್ಷಿ ತೋಟದ ಆವುಲಪ್ಪ ಕೀಟನಾಶಕ ಹೊಡೆದದ್ದು ಗಾಳಿಗೆ ತೂರಿ ಹಿಪ್ಪುನೇರಳೆ ತೋಟಕ್ಕೆ ಬಿದ್ದು, ಆ ಸೊಪ್ಪು ತಿಂದ ಹುಳುಗಳೆಲ್ಲ ಹಸಿರು ನೀರು ಕಕ್ಕಿ ಸುರುಟಿಕೊಂಡಿದ್ದವು. ಒಂದು ಬೆಳೆಯನ್ನೇ ಗುಂಡಿ ತೋಡಿ ಮುಚ್ಚಿದ್ದರು. ಊರಿನ ಹಿರಿಯರು ಸೇರಿ ನ್ಯಾಯ ಹೇಳಿದ್ದರು. ಆದರೂ ಮುನೇಶ ಅವತ್ತೇ ಹೇಳಿದ್ದ: "ಇನ್ನೊಂದ್ಸಲ ಹಿಂಗಾದ್ರೆ ನ್ಯಾಯ ಗೀಯ ಇಲ್ಲ. ಕೈ ಮಾಡದೆ ಬಿಡಲ್ಲ."

ಹುಳದ ಮನೆಯ ಶಾಸ್ತ್ರ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಆ ಹುಳುವಿಗಿಂತ ನಾಜೂಕಿನ ಜೀವ ಇನ್ನೊಂದಿಲ್ಲ. ಊದುಬತ್ತಿ ಆಗದು, ಬೀಡಿ ಆಗದು, ಸೆಂಟು ಆಗದು, ಸೊಳ್ಳೆಬತ್ತಿಯಂತೂ ಯಮ. ಹುಳು ಬಂದ ಮೇಲೆ ಹತ್ತಿರದಲ್ಲಿ ಒಗ್ಗರಣೆ ಹಾಕಲೂ ಹೆದರುತ್ತಾರೆ. ಬಾಗಿಲಲ್ಲಿ ಅಗಲವಾದ ತಟ್ಟೆಯಲ್ಲಿ ಬ್ಲೀಚಿಂಗ್ ಪುಡಿಯ ನೀರು ಇಟ್ಟಿರುತ್ತಾರೆ, ಅದರಲ್ಲಿ ಕಾಲು ಅದ್ದಿಯೇ ಒಳಗೆ ಹೋಗಬೇಕು. ಮಿಕ್ಕವರು ಅದ್ದಿ ತೆಗೆಯುತ್ತಿದ್ದರು. ಮಂಗಮ್ಮ ಮಾತ್ರ ಎರಡೂ ಕಾಲು ಇಟ್ಟುಕೊಂಡು, ಕಣ್ಣು ಮುಚ್ಚಿ, ಎಷ್ಟೋ ಹೊತ್ತು ನಿಂತಿರುತ್ತಿದ್ದಳು. ಅತ್ತೆಯ ಮಡಿ ಅತಿಯಾಯಿತು ಎಂದು ರೂಪ ಒಳಗೊಳಗೇ ಗೊಣಗಿಕೊಳ್ಳುತ್ತಿದ್ದಳು.

ಹುಳು ಪೊರೆ ಬಿಡುವ ಕಾಲಕ್ಕೆ ಮೇವು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂರುತ್ತದೆ. ಅದಕ್ಕೆ ಜ್ವರ ಅನ್ನುತ್ತಾರೆ. ನಾಲ್ಕನೆಯ ಜ್ವರ ಎದ್ದ ಮೇಲೆ ಹಾಕುವ ಮೊದಲ ಸೊಪ್ಪು ಬಹಳ ಮುಖ್ಯ. ಹಸಿದ ಹುಳು, ಎಳೆಯ ಚರ್ಮ. ಆ ಸೊಪ್ಪಿನಲ್ಲಿ ಹೆಚ್ಚುಕಮ್ಮಿ ಆದರೆ ಬೆಳೆಯೇ ಕೈಬಿಟ್ಟ ಹಾಗೆ.

ಆ ನಾಲ್ಕನೆಯ ಜ್ವರದ ಸಾಯಂಕಾಲವೇ ರೂಪ ತಪ್ಪು ಮಾಡಿದ್ದು.

ಹಿಂದಿನ ದಿನ ತನುಜ ಫೋನಿನಲ್ಲಿ, ಇನ್ನು ಹೆಚ್ಚಿಸು ಅಕ್ಕ, ಕುರ್ಚಿದು ಐವತ್ತು ಮಾಡು ಎಂದಿದ್ದಳು. ರೂಪ ಉಮೇದಿನಲ್ಲಿ ಎಂಬತ್ತು ಮಾಡಿದ್ದಳು. ಬೆಳಿಗ್ಗೆ ಏಳುವಾಗ ತೊಡೆ ಎರಡೂ ಕಲ್ಲಾಗಿದ್ದವು. ಒಲೆ ಮುಂದೆ ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಮೆಡಿಕಲ್ ಸ್ಟೋರಿನಿಂದ ನೋವಿನ ಎಣ್ಣೆಯ ಒಂದು ಸಣ್ಣ ಬಾಟಲಿ ತಂದಿದ್ದಳು. ಮನೆಯೊಳಗೆ ಹಚ್ಚಿಕೊಂಡರೆ ಯಾಕೆ ಏನು ಎಂಬ ಪ್ರಶ್ನೆ ಬರುತ್ತದಲ್ಲ? ಸೊಪ್ಪಿನ ಕೋಣೆಯಲ್ಲೇ ಕದ ಹಾಕಿಕೊಂಡು ಹಚ್ಚಿಕೊಳ್ಳಲು ಹೋದಳು. ಹೊರಗೆ ಮುನೇಶ ಕೆಮ್ಮಿದ. ಅವಸರದಲ್ಲಿ ಮುಚ್ಚಳ ಹಾಕಲು ಹೋದಳು. ಬಾಟಲಿ ಜಾರಿ ಸೊಪ್ಪಿನ ಮೇಲಿನ ಗೋಣಿತಾಟಿಗೆ ಬಿತ್ತು.

ಘಾಟು ಮೂಗಿಗೆ ಹೊಡೆಯಿತು. ರೂಪಳ ಜೀವ ಬಾಯಿಗೆ ಬಂತು. ತಾಟನ್ನು ಎಳೆದು, ಬಕೆಟ್ಟಿನ ನೀರಿನಲ್ಲಿ ಎರಡು ಸಲ ಜಾಲಿಸಿ, ಹಿಂಡಿ, ಮೂಸಿ ನೋಡಿದಳು. ವಾಸನೆ ಹೋದಂತೆ ಕಂಡಿತು. ಕೆಳಗಿನ ಸೊಪ್ಪು ಒಂದು ಹಿಡಿ ತೆಗೆದು ಬಿಸಾಕಿ, ಮಿಕ್ಕದ್ದನ್ನು ಹಾಗೇ ಬಿಟ್ಟಳು. ಎಣ್ಣೆಯ ಘಾಟು ಹತ್ತಿದ ಮೂಗಿಗೆ ಎಣ್ಣೆಯ ವಾಸನೆ ಗೊತ್ತಾಗುವುದಿಲ್ಲ ಎಂಬ ಸಣ್ಣ ಬುದ್ಧಿ ಆಗ ಹೊಳೆಯಲಿಲ್ಲ. ಅಥವಾ ಹೊಳೆದರೂ ಅದನ್ನು ಅತ್ತ ತಳ್ಳಿದಳು. ಹೇಳಿದರೆ ಎಲ್ಲವೂ ಹೊರಗೆ ಬರುತ್ತಿತ್ತು.

ಬೆಳಿಗ್ಗೆ ಆರೂವರೆಗೆ ಮುನೇಶನೂ ಮಂಗಮ್ಮನೂ ಸೇರಿ ಮೊದಲ ಸೊಪ್ಪು ಹಾಕಿದರು. ರೂಪ ಹೊರಗೆ ನೀರು ಕಾಯಿಸುತ್ತಾ ಕಿವಿಗೊಟ್ಟು ನಿಂತಿದ್ದಳು. ಜ್ವರ ಎದ್ದ ಹುಳು ಸೊಪ್ಪಿಗೆ ಬಿದ್ದರೆ ಚರಚರ ಎಂಬ ಸದ್ದು ಹೊರಗಿನವರೆಗೂ ಕೇಳುತ್ತದೆ. ಅವತ್ತು ಏನೂ ಕೇಳಲಿಲ್ಲ. ಐದು ನಿಮಿಷ ಆಯಿತು. ಹತ್ತು ನಿಮಿಷ ಆಯಿತು.

"ಅಮ್ಮಾ, ಇಲ್ಲಿ ನೋಡು" ಎಂದ ಮುನೇಶನ ದನಿ ಬಂತು.

ರೂಪ ಕಾಲು ಅದ್ದಿ ಒಳಗೆ ಓಡಿದಳು. ಸೊಪ್ಪಿನ ಕೋಣೆಯ ಕಡೆಯ, ಮೇವಿನ ತಟ್ಟುಗಳನ್ನು ಒಂದರ ಮೇಲೊಂದು ಜೋಡಿಸಿದ್ದ ಎರಡು ಸ್ಟ್ಯಾಂಡುಗಳಲ್ಲಿ ಹುಳುಗಳು ಸೊಪ್ಪನ್ನು ಬಿಟ್ಟು ಅಂಚಿಗೆ ಸರಿಯುತ್ತಿದ್ದವು. ಕೆಲವು ತಲೆ ಎತ್ತಿ ಆಚೀಚೆ ಆಡಿಸುತ್ತಿದ್ದವು. ಒಂದೆರಡರ ಬಾಯಲ್ಲಿ ಹಸಿರು ನೀರು.

"ಅಯ್ಯೋ ದೇವುಡಾ, ಮಳ್ಳಿ ಅದೇ" ಎಂದು ಮಂಗಮ್ಮ ತೆಲುಗಿನಲ್ಲಿ ಗೋಳಾಡಿ ಹಣೆ ಚಚ್ಚಿಕೊಂಡಳು. ಮತ್ತೆ ಅದೇ ಗತಿ.

ಮುನೇಶ ಒಂದು ಎಲೆ ಎತ್ತಿ ಮೂಗಿಗೆ ಹಿಡಿದ. ಇನ್ನೊಂದು ಎತ್ತಿದ. ಅವನ ಮುಖ ಕಪ್ಪಿಟ್ಟಿತು. "ಘಾಟು ಹೊಡೀತೈತೆ. ನಿನ್ನೆ ಸಾಯಂಕಾಲ ಆವುಲಪ್ಪನ ತೋಟದಲ್ಲಿ ಮೋಟ್ರು ಓಡ್ತಿದ್ದದ್ದು ನಾನೇ ಕೇಳಿಸ್ಕೊಂಡೆ. ಹೊಡೆದವ್ನೆ. ಮತ್ತೆ ಹೊಡೆದವ್ನೆ."

"ಎಲ್ಲಾ ಸೊಪ್ಪು ತೆಗೀರೋ ಮೊದ್ಲು!" ಮಂಗಮ್ಮ ಕೂಗಿದಳು. "ಕಿಟಕಿ ತೆಗಿ! ಸುಣ್ಣ ತಾ!"

ರೂಪ ಬಾಯಿ ತೆರೆದಳು. ಮಾತು ನಾಲಿಗೆಯ ತುದಿಯವರೆಗೆ ಬಂದು ನಿಂತಿತು. ಹೇಳು, ಈಗ ಹೇಳು ಎಂದು ಎದೆ ಬಡಿದುಕೊಳ್ಳುತ್ತಿತ್ತು. ಎಣ್ಣೆ ಚೆಲ್ಲಿತು ಅಂದರೆ, ಯಾಕೆ ಎಣ್ಣೆ ಅನ್ನುತ್ತಾರೆ. ಕಾಲುನೋವು ಅಂದರೆ, ಯಾಕೆ ನೋವು ಅನ್ನುತ್ತಾರೆ. ಆ ಸರಪಳಿಯ ಕೊನೆಯಲ್ಲಿ ಅವಳ ತಾಯಿಯ ಕತ್ತರಿಸಿದ ಪಾದ ಇತ್ತು, ಸೋದರಮಾವನ ಸುಳ್ಳು ಇತ್ತು. ಅವಳು ಕೈ ತುಂಬ ಸೊಪ್ಪು ತೆಗೆದು ಬುಟ್ಟಿಗೆ ಹಾಕುತ್ತ ತಲೆ ತಗ್ಗಿಸಿದಳು. ಅಷ್ಟರಲ್ಲಿ ಮುನೇಶ ಅಲ್ಲಿರಲಿಲ್ಲ.

"ಎಲ್ಲಿ ಹೋದ ಇವ್ನು?" ಮಂಗಮ್ಮ ತಿರುಗಿದಳು. ಗೋಡೆಯ ಮೊಳೆಗೆ ನೇತು ಹಾಕುತ್ತಿದ್ದ ಸೊಪ್ಪು ಕೊಯ್ಯುವ ಕುಡುಗೋಲೂ ಇರಲಿಲ್ಲ. "ರೂಪಮ್ಮಾ, ಕುಡುಗೋಲು ತಗೊಂಡು ಹೋಗವ್ನೆ! ಹೋಗೇ, ಹಿಡ್ಕೊಳ್ಳೇ ಅವ್ನ!"

ರೂಪ ಹೊರಗೆ ಬಂದಳು. ಹಿಪ್ಪುನೇರಳೆ ತೋಟದ ನಡುವಿನ ಬದುವಿನ ಮೇಲೆ ಮುನೇಶನ ನೀಲಿ ಬನಿಯನ್ನು ಆಗಲೇ ಅರ್ಧ ದಾರಿ ದಾಟಿತ್ತು. ಕೂಗಿದಳು. ಅವನು ತಿರುಗಲಿಲ್ಲ. ಓಡಿದಳು.

ಓಟ ಅಂದರೆ ನೀವು ಟಿವಿಯಲ್ಲಿ ನೋಡುವ ಓಟವಲ್ಲ. ಹದಿಮೂರು ವರ್ಷದಿಂದ ಓಡದ ಹೆಂಗಸು, ಹಿಂದಿನ ದಿನದ ನೋವು ತುಂಬಿದ ತೊಡೆ, ಕಾಲಿಗೆ ತೊಡರುವ ಸೀರೆ. ಹತ್ತು ಹೆಜ್ಜೆಗೆ ತೊಡೆಗಳು ಕಿತ್ತು ಬರುವಂತಾದವು. ಡ್ರಿಪ್ ಪೈಪು ಎಡವಿ ಬಿದ್ದಳು. ಅಂಗೈ ತರಚಿತು. ಎದ್ದಳು. ಕೈ ಊರದೆ ಎದ್ದಳು ಎಂಬುದು ಅವಳಿಗೇ ಆಮೇಲೆ ನೆನಪಾಯಿತು. ಎದೆ ಸಿಡಿಯುವಂತೆ ಹೊಡೆದುಕೊಳ್ಳುತ್ತಿತ್ತು. ಮೂರು ವಾರದ ಹಿಂದೆ ಆ ಬಡಿತಕ್ಕೆ ಹೆದರಿ ಗೋಡೆ ಹಿಡಿದಿದ್ದವಳು, ಈಗ ಅದನ್ನು ಕೇಳುವ ಸ್ಥಿತಿಯಲ್ಲೇ ಇರಲಿಲ್ಲ. ತಾನು ಮುಚ್ಚಿಟ್ಟ ಒಂದು ಮಾತಿಗೆ ಅಲ್ಲಿ ಒಬ್ಬ ಮುದುಕನ ತಲೆ ಒಡೆಯಲಿತ್ತು, ಗಂಡ ಜೈಲಿಗೆ ಹೋಗಲಿದ್ದ. ಅದೊಂದೇ ಕಣ್ಣ ಮುಂದೆ ಇತ್ತು.

ಆವುಲಪ್ಪ ದ್ರಾಕ್ಷಿ ಚಪ್ಪರದ ಕೆಳಗೆ ಇಬ್ಬರು ಆಳುಗಳ ಜೊತೆ ಗೊಂಚಲು ಬಿಡಿಸುತ್ತಿದ್ದ. ರೂಪ ಬೇಲಿ ಮುಟ್ಟುವಷ್ಟರಲ್ಲಿ ಮುನೇಶ ಅವನ ಅಂಗಿಯ ಕೊರಳಪಟ್ಟಿ ಹಿಡಿದಾಗಿತ್ತು.

"ಯಾಕ್ರೀ ಹೊಡೆದ್ರಿ? ಹೋದ ವರ್ಷ ನನ್ ಬೆಳೆ ತಿಂದಿದ್ದು ಸಾಲ್ಲಿಲ್ವಾ ನಿಮಗೆ?"

"ಲೇ ಮುನೇಶಾ, ಮಂಜುನಾಥನಾಣೆ" ಎಂದು ಆವುಲಪ್ಪ ಒದರಿದ. "ನಿನ್ನೆ ನಾನು ನೀರು ಬಿಟ್ಟಿದ್ದು ಕಣಪ್ಪಾ. ಗಿಡಕ್ಕೆ ಏನೂ ಹೊಡೆದಿಲ್ಲ!"

"ಸುಳ್ಳು ಹೇಳ್ಬೇಡ!" ಕುಡುಗೋಲಿನ ಕೈ ಮೇಲೆದ್ದಿತು. ಆಳುಗಳಲ್ಲಿ ಒಬ್ಬ ಗುದ್ದಲಿ ಎತ್ತಿಕೊಂಡ.

"ರೀ!" ರೂಪಳ ಗಂಟಲಿನಿಂದ ಗಾಳಿಯೇ ಬರಲಿಲ್ಲ. ಬೇಲಿಯ ಕಂಬ ಹಿಡಿದು ಮತ್ತೆ ಕೂಗಿದಳು. "ರೀ, ಬಿಡಿ! ಅವರಲ್ಲ! ನಾನು! ಸೊಪ್ಪು ಕೆಡಿಸಿದ್ದು ನಾನು!"

ಮುನೇಶನ ಕೈ ಹಾಗೇ ನಿಂತಿತು. ಎಲ್ಲರೂ ಅವಳತ್ತ ತಿರುಗಿದರು. ಕೂದಲು ಕೆದರಿ, ಸೀರೆ ಮಂಡಿಗೆ ಏರಿ, ಕೆಳಗೆ ಹಿಂದಿನ ಸಂಜೆ ಬಿಚ್ಚದೆ ಉಳಿದ ಹಳೆಯ ಹಸಿರು ಪ್ಯಾಂಟು ಕಾಣುತ್ತ, ಬಾಗಿ ನಿಂತು ಏದುಸಿರು ಬಿಡುತ್ತಿದ್ದಳು.

"ಏನಂದೆ?"

"ನಿನ್ನೆ ಸೊಪ್ಪಿನ ಕೋಣೇಲಿ ನೋವಿನೆಣ್ಣೆ ಚೆಲ್ಲಿಬಿಟ್ಟೆ. ತಾಟು ತೊಳೆದಿದ್ದೆ... ಹೋಗಿಲ್ಲ ಅದು. ನೀವು ಮೂಸಿದ್ದು ಅದೇ."

"ಸೊಪ್ಪಿನ ಕೋಣೇಲಿ ಯಾಕೆ ಎಣ್ಣೆ ಹಚ್ಕೋತಿದ್ದೆ?"

"ಅಲ್ಲಿ ಎಕ್ಸರ್ಸೈಜ್ ಮಾಡ್ತಿದ್ದೆ."

"ಏನ್ ಮಾಡ್ತಿದ್ದೆ?"

"ಎಕ್ಸರ್ಸೈಜು! ದಿನಾ ಮಾಡ್ತಿದ್ದೆ, ಕದ ಹಾಕ್ಕೊಂಡು!" ಗುದ್ದಲಿ ಹಿಡಿದ ಆಳು ಕಿಸಕ್ಕೆಂದ. ರೂಪಳಿಗೆ ಅವನ ನಗು ತಾಗಲೇ ಇಲ್ಲ. ಇಷ್ಟು ದಿನ ಅದೇ ನಗುವಿಗಲ್ಲವೇ ಅವಳು ಹೆದರಿ ಸತ್ತದ್ದು. "ನಂಗೆ ಶುಗರ್ ಐತೆ. ನಮ್ಮಮ್ಮ ಸತ್ತಿದ್ದು ವಿಷಮಜ್ವರದಲ್ಲಲ್ಲ. ಶುಗರ್ ಆಗಿ ಕಾಲು ಕೊಳೆತು ಸತ್ತಿದ್ದು. ಸುಳ್ಳು ಹೇಳಿ ಮದುವೆ ಮಾಡಿದ್ರು. ನಾನೂ ಹಂಗೇ ಸಾಯ್ತೀನೇನೋ ಅಂತ ಭಯ ಆಯ್ತು. ಬೈರಿ, ಹೊಡೀರಿ, ಏನಾರ ಮಾಡಿ. ಅವರನ್ನ ಬಿಡಿ."

ಮುನೇಶನ ಕೈ ಆವುಲಪ್ಪನ ಕೊರಳಪಟ್ಟಿಯಿಂದ ತಾನಾಗಿ ಕಳಚಿತು. ಆವುಲಪ್ಪ ಅಂಗಿ ಸರಿಮಾಡಿಕೊಂಡ. ಮುದುಕನ ಗದ್ದ ನಡುಗುತ್ತಿತ್ತು, ಆದರೂ ಮೊದಲು ಮಾತಾಡಿದವನು ಅವನೇ.

"ನಿಂತ್ಕೊಂಡು ಏನ್ ನೋಡ್ತೀಯೋ? ಹುಳು ಉಪವಾಸ ಐತಲ್ಲೋ. ಹೊಸಾ ಸೊಪ್ಪು ಕೊಯ್ಯಿ ಹೋಗು. ಲೇ, ನೀವಿಬ್ರೂ ಹೋಗ್ರೋ ಅವನ ಜೊತೆ."

ಗಂಡ ಹೆಂಡತಿ ವಾಪಸು ಹೊರಟರು. ಮುನೇಶ ಮುಂದೆ, ಅವಳು ಹತ್ತು ಮಾರು ಹಿಂದೆ. ಡ್ರಿಪ್ ಪೈಪಿನ ಹತ್ತಿರ ಅವನು ನಿಂತ, ಅವಳ ತರಚಿದ ಅಂಗೈಯನ್ನು ನೋಡಿದ. "ಹೇಳ್ಬಾರ್ದಿತ್ತಾ ನಂಗೆ?" ಎಂದವನು ಉತ್ತರಕ್ಕೆ ಕಾಯದೆ ಸಾಲಿಗಿಳಿದು ಕೊಯ್ಯಲು ಶುರುಮಾಡಿದ. ಅವನ ಕಣ್ಣು ಕೆಂಪಾಗಿದ್ದವು. ಕೋಪವೋ ಅಳುವೋ ಅವಳಿಗೆ ತಿಳಿಯಲಿಲ್ಲ.

ಮಂಗಮ್ಮ ಅಷ್ಟರಲ್ಲಿ ಒಬ್ಬಳೇ ಕೆಟ್ಟ ಸೊಪ್ಪನ್ನೆಲ್ಲ ತೆಗೆದು, ಸುಣ್ಣದ ಪುಡಿ ಉದುರಿಸಿ, ಕಿಟಕಿ ತೆರೆದಿದ್ದಳು. ಹೊಸ ಸೊಪ್ಪು ಬಿತ್ತು. ಎಲ್ಲರೂ ಉಸಿರು ಹಿಡಿದು ನಿಂತರು. ಆಚೆ ತುದಿಯ ಸ್ಟ್ಯಾಂಡಿನಲ್ಲಿ ಮೊದಲು ಸದ್ದು ಎದ್ದಿತು. ಆಮೇಲೆ ನಡುವಿನದರಲ್ಲಿ. ಸೊಪ್ಪಿನ ಕೋಣೆಯ ಕಡೆಯ ಎರಡರಲ್ಲಿ ಮೇಲಿನ ತಟ್ಟುಗಳು ಮಧ್ಯಾಹ್ನದ ಹೊತ್ತಿಗೆ ಮೇವಿಗೆ ಬಿದ್ದವು. ಕೆಳಗಿನ ಎರಡು ತಟ್ಟು ಏಳಲಿಲ್ಲ. ಅವನ್ನು ಬುಟ್ಟಿಗೆ ತುಂಬಿ ಆಚೆ ಸಾಗಿಸಬೇಕಾಯಿತು. ಮಿಕ್ಕ ಬೆಳೆ ಉಳಿದಿತ್ತು.

ಸುದ್ದಿ ಮಾತ್ರ ಆಳುಗಳ ಬಾಯಿಂದ ಮಂಗಮ್ಮನ ಕಿವಿಗೆ ಆಗಲೇ ತಲುಪಿತ್ತು. ಮುನೇಶ ಎರಡನೆಯ ಸಲ ಸೊಪ್ಪಿಗೆ ಹೋದಾಗ ಅವಳು ಸೊಪ್ಪಿನ ಕೋಣೆಯ ಬಾಗಿಲಲ್ಲಿ ನಿಂತು ಕರೆದಳು.

"ರೂಪಮ್ಮಾ, ಒಳಗ್ ಬಾ. ಕದ ಹಾಕು."

ರೂಪ ಒಳಗೆ ಹೋದಳು. ಇನ್ನು ಶುರುವಾಯಿತು ಎಂದುಕೊಂಡಳು. ಮೋಸದ ಸಂಬಂಧ, ರೋಗದ ವಂಶ, ಸತ್ತ ಹುಳು, ಎಲ್ಲಕ್ಕೂ ಸಿದ್ಧಳಾಗಿ ಗೋಡೆಗೆ ಒರಗಿ ನಿಂತಳು. ಮಂಗಮ್ಮ ಆ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ರೂಪ ದಿನಾ ಎದ್ದು ಕೂರುತ್ತಿದ್ದ ಅದೇ ಕುರ್ಚಿಯ ಮೇಲೆ, ಮೆಲ್ಲಗೆ ಕೂತಳು.

"ನೀನಿಲ್ಲಿ ಎಗರಾಡ್ತಿದ್ದಿದ್ದು ನಂಗೆ ಗೊತ್ತಿತ್ತು ಕಣಮ್ಮ. ಒದ್ದೆ ನೆಲದಲ್ಲಿ ಒಂದೇ ಜಾಗದಲ್ಲಿ ನೂರು ಹೆಜ್ಜೆ. ಇವ್ಳಿಗೇನು ದೆವ್ವ ಹಿಡಿದೈತಾ ಅಂದ್ಕೊಂಡೆ. ಎರಡು ಸಲ ಮುನೇಶ ಈ ಕಡೆ ಬಂದಾಗ ನಾನೇ ಬೇರೆ ಕೆಲಸ ಹೇಳಿ ಕಳಿಸ್ದೆ. ಎಣ್ಣೆ ವಿಷ್ಯ ಗೊತ್ತಿರ್ಲಿಲ್ಲ."

"ತಪ್ಪಾಯ್ತು ಅತ್ತೆ" ಎಂದಳು ರೂಪ.

"ಅದಿರ್ಲಿ." ಮಂಗಮ್ಮ ಬಾಗಿಲ ಕಡೆ ಒಂದು ಸಲ ನೋಡಿದಳು. ರೂಪ ಮೂರು ವಾರದಿಂದ ನೋಡುತ್ತಿದ್ದ ಹಾಗೆಯೇ. ಆಮೇಲೆ ದನಿ ತಗ್ಗಿಸಿದಳು. "ನಿಮ್ಮಮ್ಮಂಗೆ ಮೊದ್ಲು ಏನಾಗಿತ್ತು?"

"ಕಾಲು ಉರಿ ಅನ್ನೋರು. ಬೆಂಕಿ ಮೇಲೆ ಇಟ್ಟಂಗೆ. ಯಾವಾಗ್ಲೂ ತಣ್ಣೀರಲ್ಲಿ ಕಾಲು ಇಟ್ಕೊಂಡು..."

ರೂಪಳ ಮಾತು ಅಲ್ಲೇ ನಿಂತಿತು. ಬಾಗಿಲಲ್ಲಿದ್ದ ಆ ಅಗಲ ತಟ್ಟೆ, ಅದರಲ್ಲಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದ ಅತ್ತೆ, ಬೆಳಿಗ್ಗೆ, ಮಧ್ಯಾಹ್ನ, ಸಾಯಂಕಾಲ. ಮಡಿಯಲ್ಲ ಅದು. ಒಂದು ದಿನವೂ ಮಡಿಯಾಗಿರಲಿಲ್ಲ.

"ಎಷ್ಟು ದಿನದಿಂದ ಅತ್ತೆ?"

"ಹೋದ ದಸರಾದಿಂದ. ಯಾರಿಗ್ ಹೇಳ್ಲಿ? ಕೆಲಸ ಕಳ್ಳಿ ಅಂತೀರ ಅಂತ ಸುಮ್ಮನಿದ್ದೆ. ಈಗೊಂದು ತಿಂಗಳಿಂದ ಉರಿ ಕಮ್ಮಿ ಆಗೈತೆ. ಬಲಗಾಲಿಗಂತೂ ಏನೂ ಗೊತ್ತೇ ಆಗಲ್ಲ. ವಾಸಿ ಆಯ್ತು ಅಂದ್ಕೊಂಡಿದ್ದೆ" ಎನ್ನುತ್ತ ಮಂಗಮ್ಮ ಬಲಗಾಲನ್ನು ಎಡಮಂಡಿಯ ಮೇಲೆ ಎತ್ತಿ ಇಟ್ಟುಕೊಂಡಳು. "ಬೆಳಿಗ್ಗೆ ನೆಲದ ಮೇಲೆ ರಕ್ತದ ಹೆಜ್ಜೆ ಇತ್ತು. ಯಾರದು ಅಂತ ನೋಡಿದ್ರೆ ನನ್ದೇ."

ರೂಪ ನೆಲದ ಮೇಲೆ ಕೂತು ಮೊಬೈಲಿನ ಬೆಳಕು ಹಿಡಿದಳು. ಅಂಗಾಲಿನ ನಡುವೆ ಹಿಪ್ಪುನೇರಳೆ ಕಡ್ಡಿಯ ಒಂದು ಮೊನಚು ತುಂಡು ಒಳಗೆ ಹೊಕ್ಕು ಕೂತಿತ್ತು. ಸುತ್ತಲೂ ಚರ್ಮ ಕಪ್ಪಗಾಗಿ, ಬ್ಲೀಚಿಂಗ್ ನೀರಿಗೆ ಬೆಂದು, ಸೀಳಿತ್ತು. ಇವತ್ತು ನಿನ್ನೆಯ ಗಾಯವಲ್ಲ ಅದು. ರೂಪ ಪಕ್ಕದಲ್ಲಿ ಬೆರಳಿನಿಂದ ಒತ್ತಿದಳು. ಕೀವು ಬಂತು. ಮಂಗಮ್ಮ ಕಾಲು ಎಳೆದುಕೊಳ್ಳಲೇ ಇಲ್ಲ. ಬೇರೆ ಯಾರದೋ ಕಾಲು ಎಂಬಂತೆ ಬಗ್ಗಿ ನೋಡುತ್ತಿದ್ದಳು.

"ಯಾವಾಗ ಚುಚ್ಕೊಂತೋ ಏನೋ. ನೋವೇ ಇಲ್ಲ ನೋಡೇ" ಎಂದು ನಕ್ಕಳು.

ರೂಪ ಹತ್ತೊಂಬತ್ತು ವರ್ಷದ ಹಿಂದಿನ ಅದೇ ನಗುವನ್ನು ಕೇಳಿದಳು. ಅವತ್ತು ಅವಳೂ ಜೊತೆಗೆ ನಕ್ಕಿದ್ದಳು, ನಕ್ಕು ಸುಮ್ಮನಾಗಿದ್ದಳು. ಈಗ ಎದ್ದು ಕದ ಪೂರ್ತಿ ತೆರೆದಳು.

"ಏಳಿ ಅತ್ತೆ. ಈಗ್ಲೇ ಆಸ್ಪತ್ರೆಗೆ ಹೋಗಣ."

"ಈಗ್ಲಾ? ಹುಳಕ್ಕೆ ಸೊಪ್ಪು..."

"ಹುಳ ಅವರು ನೋಡ್ಕೋತಾರೆ. ಏಳಿ ಅಂದ್ನಲ್ಲ."

ಹದಿಮೂರು ವರ್ಷದಲ್ಲಿ ಆ ದನಿಯನ್ನು ಮಂಗಮ್ಮ ಕೇಳಿರಲಿಲ್ಲ.

"ಕಾಲು ತೆಗೀತಾರೇನೇ?" ಎಂದಳು. ಸೊಪ್ಪು ಕೊಯ್ಯುವುದರಲ್ಲಿ ಊರನ್ನೇ ಹಿಂದೆ ಹಾಕುವ ಹೆಂಗಸಿನ ದನಿ ಮಗುವಿನದಾಗಿತ್ತು. "ನಾನೂ ನಿನ್ನ ಥರ ಇಲ್ಲಿ ಕುಣಿದ್ರೆ ವಾಸಿ ಆಗಲ್ವಾ?"

"ಮೊದ್ಲು ಕಾಲು. ಆಮೇಲೆ ಇಬ್ರೂ ಕುಣಿಯಣ. ಪಡಸಾಲೇಲಿ, ಕಿಟಕಿ ತೆಗೆದು."

ರೂಪ ಬಗ್ಗಿ ಅತ್ತೆಯ ತೋಳನ್ನು ತನ್ನ ಹೆಗಲಿಗೆ ಹಾಕಿಕೊಂಡು ಎಬ್ಬಿಸಿದಳು. ಮುದುಕಿಯ ಭಾರವೆಲ್ಲ ಅವಳ ತೊಡೆಗಳ ಮೇಲೆ ಬಿತ್ತು. ನೋವಿಗೆ ಕಣ್ಣಲ್ಲಿ ನೀರು ಬಂದರೂ ಕಾಲು ನಿಂತವು. ಹುಳದ ಮನೆಯೊಳಗಿಂದ ಆಚೆ ಬರುವಾಗ ಮಂಗಮ್ಮ ಅಭ್ಯಾಸಬಲದಿಂದ ತಟ್ಟೆಯ ನೀರಿನ ಕಡೆ ಬಲಗಾಲು ಚಾಚಿದಳು.

"ಅದ್ರಲ್ಲಿ ಇಡ್ಬೇಡಿ" ಎಂದು ರೂಪ ತಟ್ಟೆಯನ್ನು ಕಾಲಿನಿಂದ ಒದ್ದಳು. ನೀರು ಅಂಗಳವೆಲ್ಲ ಹರಿಯಿತು. ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದ ಮುನೇಶ ಅದನ್ನು ನೋಡಿ ಅಲ್ಲೇ ನಿಂತ. ಹುಳು ಮೇಯುತ್ತಿರುವ ಮನೆಯ ಬಾಗಿಲಿನ ನೀರು ಚೆಲ್ಲುವುದನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ಹೊರೆ ಇಳಿಸಿ ಗಾಡಿ ತೆಗೀರಿ" ಎಂದಳು ರೂಪ. "ಅತ್ತೆಗೂ ಐತೆ."